ಎರಡನೆಯ ಆಲ್ಬಂ ಮತ್ತು ನಾನು ಹೇಳದ ಸಾಕ್ಷಿ

ಯೇಸುವಿನ ಹಾಡುಗಳನ್ನು ರಾಕ್ ಶೈಲಿಯಲ್ಲಿ ನುಡಿಸುವ ನಮ್ಮ ಬ್ಯಾಂಡಿನಲ್ಲಿ ನಾವು ನಾಲ್ವರು. ಮೂವರು ಭಾನುವಾರ ಚರ್ಚಿಗೆ ಹೋಗುವವರು, ನಾನೊಬ್ಬ ಹಣೆಗೆ ವಿಭೂತಿ ಹಚ್ಚಿಕೊಂಡು ಬೇಸ್ ಗಿಟಾರ್ ನುಡಿಸುವವನು. ಹಾಡುವವನು ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಪಕ್ಕದ ಬೀದಿಯವನು. ಮನೆಯಲ್ಲಿ ತಮಿಳು, ನನ್ನ ಜೊತೆ ಕನ್ನಡ. ಯೇಸುವಿನ ಹಾಡಿಗೆ ಇಷ್ಟು ಗಲಾಟೆ ಯಾಕೆ ಎಂದು ಅವರ ಹಿರಿಯರು ಕೇಳುತ್ತಿದ್ದರು. ಅವರ ಹಾಡಿಗೆ ನೀನ್ಯಾಕೆ ಎಂದು ನಮ್ಮ ನೆಂಟರು ಕೇಳುತ್ತಿದ್ದರು. ನುಡಿಸುವಾಗ ಖುಷಿಯಾಗುತ್ತಿತ್ತು, ಅಷ್ಟೇ ನಮಗೆ ಗೊತ್ತಿದ್ದದ್ದು.

ಮೊದಲ ಆಲ್ಬಂ ಇಂಗ್ಲಿಷಿನಲ್ಲಿತ್ತು. ಅವರ ಚರ್ಚಿನವರನ್ನು ಬಿಟ್ಟರೆ ಯಾರೂ ಕೇಳಲಿಲ್ಲ. ಎರಡನೆಯದು ಪೂರ್ತಿ ಕನ್ನಡದಲ್ಲೇ ಇರಲಿ ಎಂದು ಹಠ ಹಿಡಿದವನು ನಾನು. ಹಾಡುವವನು ಬರೆದು ತಂದ ಮೊದಲ ಸಾಲು, ‘ನೀನೇ ನನ್ನ ಬಂಡೆ’.

“ಇದೇನು ಕಲ್ಲು ಕ್ವಾರಿ ಹಾಡಾ ಮಾರಾಯ?” ಎಂದೆ.

“ಬೈಬಲಲ್ಲೇ ಹಂಗಿದೆ ಕಣೋ.”

“ಇರ್ಲಿ, ಜನ ಹಾಡ್ಬೇಕಲ್ಲ!”

ವಾರವೆಲ್ಲ ಜಗಳವಾಡಿ ಬಂಡೆಯನ್ನು ‘ಆಸರೆ’ ಮಾಡಿದೆವು.

ಧ್ವನಿಮುದ್ರಣ ನಡೆದದ್ದು ಶಿವಮೊಗ್ಗದ ಆಲ್ಕೊಳದಲ್ಲಿ, ಟೈರ್ ಅಂಗಡಿಯ ಮೇಲಿನ ಪುಟ್ಟ ಸ್ಟುಡಿಯೋದಲ್ಲಿ. ಸರ್ಕಲ್ಲಿನಲ್ಲಿ ಬಸ್ಸು ಹಾರ್ನ್ ಹೊಡೆದರೆ ಮತ್ತೆ ಮೊದಲಿನಿಂದ ಶುರು. ಕೊನೆಗೆ ಎಲ್ಲ ಸೇರಿಸಿ ಕೇಳಿಸಿದಾಗ, ಯಾರನ್ನೂ ಹೊಗಳದ ನಮ್ಮ ಡ್ರಮ್ಮರ್ “ಇದು ನಮ್ದೇನಾ?” ಎಂದು ಕಣ್ಣೊರೆಸಿಕೊಂಡ.

ಬಿಡುಗಡೆ ಶಿವಮೊಗ್ಗದ ಒಂದು ಚರ್ಚಿನ ಹಾಲಿನಲ್ಲಿ. ಹಿಂದಿನ ದಿನ ಅಲ್ಲಿಯ ಹಿರಿಯರೊಬ್ಬರು ಬಂದು, ವೇದಿಕೆ ಹತ್ತುವವರೆಲ್ಲ ಎರಡು ಮಾತು ಸಾಕ್ಷಿ ಹೇಳುವುದು ತಮ್ಮಲ್ಲಿ ವಾಡಿಕೆ ಎಂದರು. ಅಂದರೆ ದೇವರು ನಿಮ್ಮ ಬದುಕಿನಲ್ಲಿ ಏನು ಮಾಡಿದ ಎಂಬುದನ್ನು ಎಲ್ಲರೆದುರು ಹೇಳಬೇಕು. ಒಳ್ಳೆಯ ಮನುಷ್ಯ, ನನ್ನ ವಿಭೂತಿಯ ಬಗ್ಗೆ ಒಂದು ಮಾತೂ ಆಡಲಿಲ್ಲ.

“ನಾನು ನಂಬದೇ ಇರೋದನ್ನ ಅಲ್ಲಿ ನಿಂತು ಹೆಂಗೆ ಹೇಳ್ಲಿ? ಸುಳ್ಳಾಗುತ್ತೆ” ಎಂದೆ ಹಾಡುವವನಿಗೆ.

“ಸುಳ್ಳು ಯಾಕೆ ಹೇಳ್ತೀಯ? ನಿನಗೇನಾಗಿದೆಯೋ ಅದನ್ನ ಹೇಳು.”

“ನನಗೇನೂ ಆಗಿಲ್ಲ.”

ಅವನು ತಿರುಗಿ ಗಿಟಾರಿನ ಕೇಬಲ್ ಸುತ್ತತೊಡಗಿದ.

ಮರುದಿನ ನಾನು ವೇದಿಕೆ ಹತ್ತಲಿಲ್ಲ, ಅಮ್ಮನ ಜೊತೆ ಹಾಲಿನ ಕೊನೆಯ ಸಾಲಿನಲ್ಲಿ ಕುಳಿತೆ. ಬೇರೊಂದು ಚರ್ಚಿನವನು ನನ್ನ ಭಾಗವನ್ನು ನುಡಿಸಿದ. ಧ್ವನಿಮುದ್ರಣದಲ್ಲಿ ನಾನು ತಪ್ಪಿ ನುಡಿಸಿದ್ದ ಒಂದು ಸ್ವರವನ್ನೂ ಬಿಡದೆ ರಾತ್ರೋರಾತ್ರಿ ಕಲಿತು ಬಂದಿದ್ದ. ಜನ ಎದ್ದು ನಿಂತು ‘ಆಸರೆ, ಆಸರೆ’ ಎಂದು ಚಪ್ಪಾಳೆ ತಟ್ಟುತ್ತ ಹಾಡಿದರು. ಮಧ್ಯದಲ್ಲಿ ಹಾಡುವವನು ಮೈಕಿನಲ್ಲಿ, “ನಮ್ಮ ಬೇಸ್ ನುಡಿಸೋನಿಗೆ ಹುಷಾರಿಲ್ಲ, ಇವತ್ತು ಬರಕ್ಕಾಗ್ಲಿಲ್ಲ” ಎಂದ. ನಾನು ಸುಳ್ಳು ಹೇಳಲಾರೆ ಎಂದದ್ದಕ್ಕೆ ಅವನು ಚರ್ಚಿನಲ್ಲಿ ನಿಂತು ಸುಳ್ಳು ಹೇಳಬೇಕಾಯಿತು. ಅಮ್ಮ ತಿರುಗಿ ನನ್ನ ಮುಖ ನೋಡಿದಳು.

ಊರಿಗೆ ಮರಳುವ ಬಸ್ಸಿನಲ್ಲಿ ಅಮ್ಮನಿಗೆ ಎಲ್ಲ ಹೇಳಿದೆ. ಅವಳು, “ನಿಮ್ಮಪ್ಪ ಹೋದ ದಿನ ನಮ್ಮೋರು ಬರೋಕೆ ಮೊದಲು ಮನೆಗೆ ಬಂದೋನು ಯಾರು?” ಎಂದಳು.

“ಅವನೇ.”

“ಆಮೇಲೆ ತಿಂಗಳುಗಟ್ಲೆ ನೀನು ಯಾರ ಹತ್ರನೂ ಮಾತಾಡ್ಲಿಲ್ಲ. ದಿನಾ ಸಂಜೆ ಬಂದು ಗಿಟಾರ್ ಕೈಗೆ ಕೊಟ್ಟು ಎಬ್ಬಿಸ್ತಿದ್ದ. ಅದನ್ನ ಹೇಳಿದ್ರೆ ಸುಳ್ಳಾಗ್ತಿತ್ತೇನೋ? ನನ್ನ ಕೇಳಿದ್ರೆ ನಾನೇ ಎದ್ದು ಹೇಳ್ತಿದ್ದೆ.”

ಮರುದಿನ ಹಾಡುವವನ ಮನೆಗೆ ಹೊರಟು ಬೀದಿಯ ತಿರುವಿನವರೆಗೂ ಹೋಗಿ ವಾಪಸ್ಸು ಬಂದೆ. ಅವನೂ ಫೋನ್ ಮಾಡಲಿಲ್ಲ. ಡ್ರಮ್ಮರ್‌ಗೆ ಹೊಸೂರಿನಲ್ಲಿ ಕೆಲಸ ಸಿಕ್ಕಿತು. ಬ್ಯಾಂಡ್ ನಿಂತಿತು ಎಂದು ಯಾರೂ ಹೇಳಲಿಲ್ಲ, ನಿಂತುಹೋಯಿತು.

ವರ್ಷಗಳಾದವು, ಈಗ ಹಾಡುವವನು ಹೊಳೆಹೊನ್ನೂರಿನಲ್ಲಿದ್ದಾನೆ. ಮೊನ್ನೆ ಭದ್ರಾವತಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಇವರು ಯಾರೆಂದು ಕೇಳಿದ ತನ್ನ ಪುಟ್ಟ ಮಗಳಿಗೆ, “ನಮ್ಮ ಬ್ಯಾಂಡಿನವರು” ಎಂದ. ಅಂದು ಬಸ್ಸಿನಲ್ಲಿ ಅಮ್ಮ ಅಂದದ್ದನ್ನು ಅಲ್ಲೇ ಹೇಳಿಬಿಡಬೇಕೆನಿಸಿತು. “ಆರಾಮಾ?” ಎಂದಷ್ಟೇ ಕೇಳಿದೆ. “ಆರಾಮು” ಎಂದ. ಅಷ್ಟರಲ್ಲಿ ಅವರ ಬಸ್ಸು ಬಂತು, ಮಗಳನ್ನು ಎತ್ತಿಕೊಂಡು ಹತ್ತಿದ.