ತುರ್ಸುನ್ ಎಂದರೆ ಇರಲಿ

ಮೊನ್ನೆ ಪಿತೃಪಕ್ಷದ ಎಡೆಗೆ ಸಾಮಾನು ತರಲು ಹೋದವನಿಗೆ ಅಂಗಡಿಯ ಮೂಲೆಯಿಂದ ಕರಿಜೀರಿಗೆ ಉದುರಿಸಿದ ದುಂಡು ರೊಟ್ಟಿಯ ವಾಸನೆ ಬಂತು. ಒಂದನ್ನು ಕೊಂಡು ತಂದೆ. ಎಡೆಗೆ ಇದ್ಯಾಕೆ ಎಂದು ಹೆಂಡತಿ ಕೇಳಿದಳು. ಅವಳಿಗೆ ಆಗ ಹೇಳಲಾಗಲಿಲ್ಲ, ನಿಮಗೆ ಹೇಳುತ್ತೇನೆ.

ಐದು ವರ್ಷದ ಹಿಂದೆ ಡೆಲ್ ಮಾರ್‌ನ ಶನಿವಾರದ ಸಂತೆಯಲ್ಲಿ ಇಂಥ ರೊಟ್ಟಿ ಮಾರುತ್ತಿದ್ದವನು ತುರ್ಸುನ್ ಎಂಬ ಉಜ್ಬೆಕ್ ಮನುಷ್ಯ. ಎರಡು ಮೂರು ಗಂಟೆ ದಾರಿಯ ಬರ್ಬ್ಯಾಂಕ್‌ನಲ್ಲಿ ಬೇಯಿಸಿ, ಅಲ್ಲಿಂದ ನಮ್ಮ ಸ್ಯಾನ್ ಡಿಯೇಗೊವರೆಗೂ ಡ್ರೈವ್ ಮಾಡಿಕೊಂಡು ಬರುತ್ತಿದ್ದ. ಚಿತ್ರದುರ್ಗದಿಂದ ಬಂದಿದ್ದ ನನ್ನ ಅವ್ವನಿಗೆ ಅವನ ಅಂಗಡಿಯೆಂದರೆ ಪ್ರಾಣ. ಇಂಗ್ಲಿಷ್ ಒಂದಕ್ಷರ ಬಾರದಿದ್ದರೂ ಮಾತಿಗೆ ಬರವಿರಲಿಲ್ಲ. ನಡುವೆ ದುಭಾಷಿ ನಾನು, ಅರ್ಧ ಮನಸ್ಸು ಪಾರ್ಕಿಂಗ್ ಮೀಟರಿನ ಮೇಲೆ.

"ಹಂಗಂದ್ರೆ ಏನು ಅರ್ಥ ಅಂತ ಕೇಳೋ," ಎಂದಳು ಅವ್ವ, ಅವನ ಹೆಸರಿನ ಬಗ್ಗೆ.

ಕೇಳಿದೆ. ತುರ್ಕಿ ಕುಲದ ಅವನ ಭಾಷೆಯಲ್ಲಿ 'ತುರ್' ಎಂದರೆ ನಿಲ್ಲು, ತುರ್ಸುನ್ ಎಂದರೆ ನಿಲ್ಲಲಿ, ಇರಲಿ. "ನನಗಿಂತ ಮುಂಚೆ ಹುಟ್ಟಿದ ಅಣ್ಣಂದಿರು ಇಬ್ಬರೂ ಉಳಿಯಲಿಲ್ಲ. ಇವನಾದರೂ ಇರಲಿ ಅಂತ ಅಮ್ಮ ಇಟ್ಟ ಹೆಸರು," ಎಂದ.

ಕನ್ನಡದಲ್ಲಿ ಹೇಳಿದೆ. ಅವ್ವ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು. "ನಮ್ಮ ತಿಪ್ಪನ ಮುಂದೂ ಎರಡು ಹೋದ್ವು ಅಂತ ಹೇಳು."

ತಿಪ್ಪ ಎಂದರೆ ನಾನೇ, ಆಫೀಸಿನಲ್ಲಿ ಟಿಮ್. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ, ಸಾವಿಗೂ ಬೇಡವಾಗುವಂಥ ಹೆಸರಿಡುವುದು ನಮ್ಮ ಕಡೆಯ ರೂಢಿ. ನನ್ನದು ಮಾತ್ರ ಊರ ದೇವರ ಹೆಸರು ಎಂದೇ ಅಲ್ಲಿಯವರೆಗೆ ನಂಬಿದ್ದೆ. ನನ್ನ ಬದುಕಿನ ಈ ಸುದ್ದಿಯನ್ನು ನಾನೇ ಇಂಗ್ಲಿಷಿಗೆ ತರ್ಜುಮೆ ಮಾಡಿದೆ.

ಆ ಎರಡು ಕೂಸುಗಳ ಹೆಸರೇನಿತ್ತು ಎಂದು ತುರ್ಸುನ್ ಕೇಳಿದ. ಅದನ್ನೂ ಕನ್ನಡಕ್ಕೆ ತಂದೆ. ಅವ್ವ ನನ್ನ ಮುಖ ನೋಡಿದಳು. "ಚಳಿ ಆಗ್ತೈತೆ. ಕಾರಾಗಿಂದ ಸ್ವೆಟರ್ ತಗಂಬಾ."

ಜುಲೈ ತಿಂಗಳ ಬಿಸಿಲು. ಹೋಗಿ ತಂದೆ. ಅಷ್ಟರಲ್ಲಿ ಅವ್ವ ಕಣ್ಣೊರೆಸಿಕೊಳ್ಳುತ್ತಿದ್ದಳು, ತುರ್ಸುನ್ ಎದೆಯ ಮೇಲೆ ಕೈಯಿಟ್ಟು ನಿಂತಿದ್ದ. ಸ್ವೆಟರನ್ನು ಅವಳು ಹಾಕಿಕೊಳ್ಳಲೇ ಇಲ್ಲ.

"ಏನ್ ಹೇಳ್ದೆ ಅವ್ನಿಗೆ?" ಎಂದೆ ಕಾರಿನಲ್ಲಿ.

"ಹೋದೋರ ಹೆಸ್ರು ಉಳಿದೋನ ಕಿವಿಗೆ ಬೀಳಬಾರ್ದು. ರಸ್ತೆ ನೋಡ್ಕಂಡು ಓಡ್ಸು."

ಎರಡು ವರ್ಷದ ಮೇಲೆ ಊರಿನಲ್ಲಿ ಅವ್ವ ತೀರಿಕೊಂಡಳು. ಮಣ್ಣು ಮಾಡಿ ಹಿಂತಿರುಗಿದವನು ನೇರ ತುರ್ಸುನ್ ಬಳಿ ಹೋದೆ. ಅವತ್ತು ಅವ್ವ ಹೇಳಿದ್ದು ನೆನಪಿದೆಯಾ ಎಂದೆ.

"ನೆನಪಿದೆ. ಕೇಳಿದರೆ ಹೇಳುತ್ತೇನೆ," ಎಂದ. "ಆದರೆ ಅವತ್ತು ಆಕೆ ಹೆಸರು ಹೇಳಿ, ಕಾರಿನ ಕಡೆ ಕೈ ತೋರಿಸಿ, ತುಟಿಯ ಮೇಲೆ ಬೆರಳಿಟ್ಟರು. ನಮ್ಮ ಮನೆಯಲ್ಲೂ ಹಾಗೇ. ನನ್ನ ಅಣ್ಣಂದಿರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ."

ಹೆಂಡತಿಗೆ ಆಗ ಏಳು ತಿಂಗಳು. ಫೋನಿನ ಆಂಟೆನಾ ಡಿಸೈನ್ ಮಾಡುವ ಎಂಜಿನಿಯರ್‌ಗೆ ಎಂಥ ಭಯ ಎನ್ನುತ್ತೀರೇನೋ. ಹೋದವರ ಹೆಸರು ನನ್ನ ಕಿವಿಗೆ ಬಿದ್ದು ಹೊಟ್ಟೆಯಲ್ಲಿರುವ ಕೂಸಿಗೆ ಏನಾದರೂ ಆದರೆ? ಮಗು ಹುಟ್ಟಲಿ, ಆಮೇಲೆ ಕೇಳುತ್ತೇನೆ ಎಂದು ರೊಟ್ಟಿ ಹಿಡಿದು ಬಂದುಬಿಟ್ಟೆ.

ಮಗಳು ಹುಟ್ಟಿದಳು, ಗುಂಡುಕಲ್ಲಿನಂತಿದ್ದಾಳೆ. ಬಾಣಂತನ ಮುಗಿಸಿ ಸಂತೆಗೆ ಹೋದರೆ ರೊಟ್ಟಿಯ ಜಾಗದಲ್ಲಿ ಯಾರೋ ಜೇನು ಮಾರುತ್ತಿದ್ದರು. ಬರ್ಬ್ಯಾಂಕ್‌ಗೆ ಹೋದೆ, ಬೇಕರಿಗೆ ಬೀಗ. ಎಲ್ಲಿಗೆ ಹೋದನೆಂದು ಪಕ್ಕದವರಿಗೂ ತಿಳಿಯದು. ಅವ್ವ ಅಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದ ಹೆಸರುಗಳು ಈಗ ಭೂಮಿಯ ಮೇಲೆ ಒಬ್ಬನ ಬಾಯಲ್ಲಿವೆ, ಅವನೆಲ್ಲಿದ್ದಾನೋ ಗೊತ್ತಿಲ್ಲ. ಅವತ್ತೇ ಕೇಳಬೇಕಿತ್ತು. ಈ ಸಂಕಟ ಈಗಲೂ ಹೋಗಿಲ್ಲ.

ನಿನ್ನೆ ಎಡೆ ಇಟ್ಟೆವು. ಹೆಸರು ಹಿಡಿದು ಅಪ್ಪನನ್ನು ಕರೆದೆ, ಅವ್ವನನ್ನು ಕರೆದೆ. ಆಮೇಲೆ ಆ ರೊಟ್ಟಿಯನ್ನು ಎರಡಾಗಿ ಮುರಿದು ಅವ್ವನ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ ಇಟ್ಟೆ. ಬಾಯಿ ತೆರೆದೆ, ಕರೆಯಲು ಏನೂ ಇರಲಿಲ್ಲ.

"ಹೂ ಈಸ್ ದಟ್ ಫಾರ್, ಅಪ್ಪಾ?" ಎಂದಳು ಮಗಳು.

"ನಮ್ಮ ಅಣ್ಣಂದಿರಿಗೆ. ಅಕ್ಕಂದಿರೋ ಏನೋ."

"ವಾಟ್ ಆರ್ ದೇರ್ ನೇಮ್ಸ್?"

ಅವ್ವನ ಎಲೆಯ ಕಡೆ ಕೈ ತೋರಿಸಿದೆ. "ಅಜ್ಜಿಗೆ ಗೊತ್ತು, ಮಗಾ. ಅವಳೇ ಕರೀತಾಳೆ."