ಸೋದರಮಾವನ ಹೆಸರು ಮತ್ತು ಇಂಟರ್ನೆಟ್ ಫೋನು

ಯಲ್ಲದಕೆರೆಯಲ್ಲಿ ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದ ಕರಿಸಿದ್ದಪ್ಪನವರು ಹಿರಿಯೂರು ಬಸ್‌ಸ್ಟ್ಯಾಂಡಿನ ಎದುರು ಎಸ್‌ಟಿಡಿ ಬೂತು ತೆರೆದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಆಮೇಲೆ ಫ್ಯಾಕ್ಸ್ ಯಂತ್ರ ಬಂತು. ಅಂದಿನಿಂದ ಅವರ ನಡಿಗೆಯೇ ಬೇರೆಯಾಯಿತು. ಯಂತ್ರದಿಂದ ಹೊರಡುವ ಪ್ರತಿ ಹಾಳೆಯ ನೆತ್ತಿಯಲ್ಲೂ ‘ಕರಿಸಿದ್ದಪ್ಪ ಫ್ಯಾಕ್ಸ್, ಹಿರಿಯೂರು’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ತಾನಾಗಿ ಅಚ್ಚಾಗುವಂತೆ ಮಾಡಿಸಿಕೊಂಡರು. ಅರಸರು ಶಾಸನಗಳನ್ನು ಬಂಡೆಯ ಮೇಲೆ ಕೆತ್ತಿಸುತ್ತಿದ್ದರು. ಇವರ ಶಾಸನ ಜಾಮೀನು ಅರ್ಜಿಗಳ, ಈರುಳ್ಳಿ ದರಪಟ್ಟಿಗಳ ತಲೆಯ ಮೇಲೆ ಕೂತು ಊರೂರು ತಿರುಗಿತು.

ಇಷ್ಟು ಕೀರ್ತಿಯ ನಡುವೆ ಒಂದು ಮುಳ್ಳಿತ್ತು. ತಂಗಿ ತಿಪ್ಪಮ್ಮನ ಹಿರಿಮಗಳ ಲಗ್ನಪತ್ರಿಕೆಯಲ್ಲಿ ಸೋದರಮಾವನಾದ ಇವರ ಹೆಸರೇ ಬಿಟ್ಟುಹೋಗಿತ್ತು. ಮದುವೆಗೆ ಹೋದರು, ಎಲೆಯ ಮುಂದೆ ಕೂರಲಿಲ್ಲ. 2007ರಲ್ಲಿ ಕಿರಿಮಗಳ ಮದುವೆ ಗೊತ್ತಾದಾಗ ಹಿರಿಯರು ಕರಡು ಬರೆಸಿ, ಕಟ್ಟಕಡೆಯ ಸಾಲಿನಲ್ಲಿ ‘ಸೋದರಮಾವ ಕರಿಸಿದ್ದಪ್ಪ’ ಎಂದು ಸೇರಿಸಿದರು. ತಿಪ್ಪಮ್ಮನಿಗೆ ಬೇರೆ ಹೆಣ್ಣುಮಕ್ಕಳಿಲ್ಲ. ಹೆಸರು ಅಚ್ಚಾದರೆ ಈಗ ಆಗಬೇಕು.

ಕರಡು ತಂದ ತಿಪ್ಪಮ್ಮ, “ಅಣ್ಣಯ್ಯ, ಇದು ದುರ್ಗದ ಪ್ರೆಸ್ಸಿಗೆ ಮುಟ್ಬೇಕು. ಬಸ್ಸಿನ ಕಂಡಕ್ಟ್ರ ಕೈಗೆ ಕೊಟ್ಟುಬಿಡು,” ಎಂದಳು.

“ಫ್ಯಾಕ್ಸ್ ಇಟ್ಕಂಡೋನು ಕಾಗದನ ಬಸ್ ಹತ್ತಿಸಿದ್ರೆ ಆ ನಾಗಭೂಷಣ ಸುಮ್ಕಿರ್ತಾನಾ?”

ನಾಗಭೂಷಣ ಎಂದರೆ ರಸ್ತೆಯಾಚೆಯ ಫ್ಯಾಕ್ಸ್ ಅಂಗಡಿಯವ, ಹಳೆಯ ಟೆಲಿಫೋನ್ ತಂತಿಯನ್ನೇ ನೆಚ್ಚಿಕೊಂಡವ. ಕರಿಸಿದ್ದಪ್ಪನವರಾದರೋ ಹಿಂದಿನ ವಾರವಷ್ಟೇ ತಮ್ಮ ಅಂಗಡಿಯ ಆ ತಂತಿ ಕೀಳಿಸಿ, ಅವನ ಕಣ್ಣೆದುರೇ ಇಂಟರ್ನೆಟ್ ಫೋನು ಹಾಕಿಸಿದ್ದರು. ಅಂಗೈಯಗಲದ ಆ ಡಬ್ಬಿಗೆ ತೊಡಿಸಿದ ಹಾರವನ್ನು ಇನ್ನೂ ತೆಗೆದಿರಲಿಲ್ಲ.

ತಂಗಿ ಊರಿಗೆ ಹೊರಟಳು. ಇತ್ತ ಯುದ್ಧ ಶುರುವಾಯಿತು. ಹಿರಿಯೂರಿನ ಯಂತ್ರ ಕಿರುಚಿತು, ಚಿತ್ರದುರ್ಗದ ಪ್ರೆಸ್ಸಿನ ಯಂತ್ರ ಓಗೊಟ್ಟಿತು, ಹಾಳೆ ಅರ್ಧ ಸರಿದು ನಿಂತಿತು. ಪ್ರೆಸ್ಸಿನ ಪಾಪಣ್ಣ ಫೋನಿನಲ್ಲಿ ವರದಿ ಒಪ್ಪಿಸಿದ. “ಮದುಮಗಳು ಬಂದ್ಲು, ಮದುಮಗ ಬಂದ, ಮುಹೂರ್ತ ಬಂತು. ಅಲ್ಲಿಂದ ಕೆಳಗೆ ಬರೇ ಗೀಟು ಕಣ್ರಿ.”

ಮತ್ತೆ ಕಳಿಸಿದರು. ಮತ್ತೆ ಗೀಟು. ಏಳು ಸುತ್ತಿನ ಕೋಟೆಗೆ ನುಗ್ಗಿದ ಸೈನ್ಯ ಪ್ರತಿ ಸಲವೂ ನಡುದಾರಿಯಲ್ಲೇ ಮಣ್ಣುಮುಕ್ಕುತ್ತಿತ್ತು.

ಇಂಟರ್ನೆಟ್ ಕಂಪನಿಯ ಪ್ರದೀಪ್‌ಗೆ ಫೋನು ಹೋಯಿತು. ಮಾತು ಗಂಟೆ ಬಾರಿಸಿದ ಹಾಗೆ ಕೇಳುತ್ತಿರುವಾಗ ಲೈನಿಗೇನು ಕೇಡು ಎಂದು ಅವನು ಮೊದಲು ವಾದಿಸಿದ. ಬೈಗುಳ ತಿಂದ ಮೇಲೆ ನಿಜ ಹೇಳಿದ. ಇಂಟರ್ನೆಟ್ ಫೋನು ದನಿಯನ್ನು ಚೂರುಚೂರು ಮಾಡಿ ಕಳಿಸುತ್ತದೆ. ದಾರಿಯಲ್ಲಿ ಒಂದೆರಡು ಚೂರು ಬಿದ್ದರೆ ಮನುಷ್ಯನ ಕಿವಿ ಅಂದಾಜಿನಲ್ಲಿ ತುಂಬಿಕೊಳ್ಳುತ್ತದೆ. ಫ್ಯಾಕ್ಸಿಗೆ ಅಷ್ಟು ದೊಡ್ಡ ಮನಸ್ಸಿಲ್ಲ, ಮುನಿಸಿಕೊಂಡು ಬಿಡುತ್ತದೆ. ಅವನು ಹೇಳಿದಂತೆ ವೈರು ಬದಲಾಯಿತು, ಯಂತ್ರದ ವೇಗ ಇಳಿಯಿತು. ಫಲವಿಲ್ಲ. ತಪ್ಪು ಕಂಡಲ್ಲಿ ತಡೆದು ತಿದ್ದುವ ಗುಂಡಿಯನ್ನು ಬಂದ್ ಮಾಡಿದಾಗ ಇಡೀ ಹಾಳೆ ಸಲೀಸಾಗಿ ಹೋಯಿತು. ಕರಿಸಿದ್ದಪ್ಪನವರು ಮೀಸೆ ತಿರುವುವಷ್ಟರಲ್ಲಿ ಪಾಪಣ್ಣನ ಫೋನು ಬಂತು. ಕೆಳಗಿನ ಹೆಸರುಗಳೆಲ್ಲ ಒಂದರ ಮೇಲೊಂದು ಬಿದ್ದಿವೆ, ಕೊನೆಯ ಸಾಲಂತೂ ಕಾಡಿಗೆ ಬಳಿದ ಹಾಗಿದೆ ಎಂದ.

“ಆ ಸಾಲನ್ನ ಬಾಯಾಗೇ ಹೇಳ್ರಿ, ಬರ್ಕಂತೀನಿ.”

ಕರಿಸಿದ್ದಪ್ಪನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಸೋದರಮಾವನ ಹೆಸರನ್ನು ಹಿರಿಯರು ಬರೆಸಬೇಕು. ತಾನೇ ಹೇಳಿ ಹಾಕಿಸಿಕೊಂಡ ಎಂದು ನಾಳೆ ಮದುವೆ ಮನೆಯಲ್ಲಿ ಒಬ್ಬ ನಕ್ಕರೂ ಆ ಹೆಸರಿಗೆ ಬೆಲೆಯೇನು? “ಹಾಳೆ ಬರ್ತೈತೆ ಇರ್ರಿ,” ಎಂದು ಫೋನಿಟ್ಟರು.

ಆಗ ಹೊಳೆಯಿತು ಮಹಾತಂತ್ರ. ಅರ್ಧ ಹಾಳೆಯವರೆಗೆ ಉಸಿರು ಹಿಡಿಯುವ ಲೈನಿಗೆ ತುಂಡುತುಂಡಾಗಿ ಉಣಿಸಿದರಾಯಿತು. ತಪ್ಪು ತಿದ್ದುವ ಗುಂಡಿಯನ್ನು ಮತ್ತೆ ಹಾಕಿ, ಕತ್ತರಿ ತಂದು, ಕರಡನ್ನು ಅಡ್ಡಡ್ಡ ಕತ್ತರಿಸಿದರು. ದೇವರ ಹೆಸರಿನ ತುಂಡು ಹೋಯಿತು. ವಧೂವರರ ತುಂಡು ಹೋಯಿತು. ನೆಂಟರಿಷ್ಟರ ತುಂಡೂ ಹೋಯಿತು. ಮೂರೂ ಕನ್ನಡಿಯಂತೆ ಬಂದಿವೆ ಎಂದ ಪಾಪಣ್ಣ. ಉಳಿದದ್ದು ಕೊನೆಯ ಸಾಲು, ಎರಡು ಬೆರಳಗಲದ ಪಟ್ಟಿ. ಅದನ್ನು ಯಂತ್ರದ ಬಾಯಿಗಿಟ್ಟರು. ರೋಲರು ಗಪ್ಪನೆ ಎಳೆದುಕೊಂಡು, ಎಲೆಯಡಿಕೆಯಂತೆ ಅಗಿದು, ಮುದ್ದೆಮಾಡಿ ಉಗುಳಿತು.

ಪಾಪ, ಲೈನಿಗೆ ಇದರಲ್ಲಿ ಪಾತ್ರವೇ ಇರಲಿಲ್ಲ. ಸ್ವಂತ ಯಂತ್ರವೇ ಯಜಮಾನನ ಹೆಸರು ತಿಂದಿತ್ತು. ಇನ್ನೊಂದು ಚೀಟಿ ಬರೆಯೋಣವೆಂದರೆ ತನ್ನ ಕೈಯಿಂದ ತನ್ನದೇ ಹೆಸರು! ಅಷ್ಟರಲ್ಲಿ ಪಾಪಣ್ಣ ಮತ್ತೆ ಫೋನು ಮಾಡಿ, ಏನು ಮಾಡಲಿ ಎಂದ. ಕರಿಸಿದ್ದಪ್ಪನವರ ತಾಳ್ಮೆಯ ಕಟ್ಟೆ ಒಡೆಯಿತು. “ಎಷ್ಟು ಬಂದೈತೋ ಅಷ್ಟನ್ನ, ಬಂದಂಗೇ ಅಚ್ಚು ಹಾಕ್ರಿ. ನನ್ನ ಮಾತಾಡಿಸ್ಬ್ಯಾಡ್ರಿ.”

ಪಾಪಣ್ಣ ಹೇಳಿದಷ್ಟು ಮಾಡುವವನು. ಪತ್ರಿಕೆ ಬಂದಾಗ ಅಂಗಡಿಯಲ್ಲೇ ಕಟ್ಟು ಬಿಚ್ಚಿದರು. ದೇವರ ಹೆಸರಿನ ಮೇಲೆ, ಅಚ್ಚಗನ್ನಡದ ದಪ್ಪಕ್ಷರಗಳಲ್ಲಿ, ‘ಕರಿಸಿದ್ದಪ್ಪ ಫ್ಯಾಕ್ಸ್, ಹಿರಿಯೂರು’. ವಧೂವರರ ಮೇಲೆ ಮತ್ತೊಮ್ಮೆ. ನೆಂಟರಿಷ್ಟರ ಮೇಲೆ ಮಗದೊಮ್ಮೆ. ತುಂಡಿಗೊಂದು ಶಾಸನ. ಸೋದರಮಾವ ಮಾತ್ರ ಎಲ್ಲೂ ಇಲ್ಲ.

ನಾಗಭೂಷಣ ರಸ್ತೆ ದಾಟಿ ಬಂದು ಒಂದು ಪ್ರತಿ ಓದಿದ. “ಒಂದು ಮದುವಿಗೆ ಮೂರು ಬೋರ್ಡು. ನಮ್ದೂ ಒಂದು ಹಾಕಿಸ್ಬೋದಿತ್ತಲ್ರಿ, ಅಳಿಯನ ಕಡೇರು ಬೇಜಾರ್ ಮಾಡ್ಕಂತಿದ್ರಾ?”

ಅವನು ಹೋದ ಮೇಲೆ ಕರಿಸಿದ್ದಪ್ಪನವರು ಪತ್ರಿಕೆ ಒಯ್ಯಲು ಬಂದ ತಂಗಿಗೆ ನಡೆದದ್ದನ್ನೆಲ್ಲ ಒಪ್ಪಿಸಿದರು: ಗೀಟು, ಗುಂಡಿ, ಕತ್ತರಿ, ಯಂತ್ರ ಅಗಿದ ಪಟ್ಟಿ, ತನ್ನ ಬಾಯಿಂದ ಹೇಳಲಾಗದ ಹೆಸರು. ತಿಪ್ಪಮ್ಮ ಪೂರ್ತಿ ಕೇಳಿಸಿಕೊಂಡಳು.

“ಮಾತು ಚೆನ್ನಾಗಿ ಹೋಗ್ತಿತ್ತಾ ಆ ಫೋನಿನಾಗೆ?”

“ಗಂಟೆ ಬಾರಿಸ್ದಂಗೆ.”

“ಹಂಗಾರೆ ನಂಗೊಂದು ಫೋನ್ ಹಚ್ಚಿದ್ರೆ ಪಾಪಣ್ಣಂಗೆ ನಾನೇ ಹೇಳ್ತಿರ್ಲಿಲ್ವಾ, ಅಣ್ಣಯ್ಯ?”

ಕರಿಸಿದ್ದಪ್ಪನವರು ಎದ್ದು ಹೋಗಿ ಡಬ್ಬಿಯ ಮೇಲಿನ ಹಾರ ಕಿತ್ತರು.