ಎಡ ಭುಜದ ಅರ್ಧ ಇಂಚು

ನನ್ನ ವಾರಗಿತ್ತಿ ಶಿವಮೊಗ್ಗದ ಬಜಾರಿನ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ ತೆರೆದಾಗ ನಾನು ಮನಸಾರೆ ನಕ್ಕಿದ್ದೆ. ಆ ಓಣಿಯಲ್ಲಿ ಆಗಲೇ ಐದು ಟೈಲರ್ ಅಂಗಡಿಗಳಿದ್ದವು. ಭದ್ರಾವತಿಯ ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿಯುವವಳು ನಾನೊಬ್ಬಳೇ. ಅವಳಿಗೆ ಮಿಷನ್ ತುಳಿಯಲು ಕಲಿಸಿದವಳೂ ನಾನೇ. ಆರು ತಿಂಗಳಲ್ಲಿ ಬಾಗಿಲು ಹಾಕಿಕೊಂಡು ಬರುತ್ತಾಳೆ ಎಂದು ಗಂಡನಿಗೆ ಹೇಳಿದೆ. ಬರಲಿ ಎಂಬ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ.

ಬಾಗಿಲು ಬಿದ್ದದ್ದು ನಮ್ಮ ಕಡೆ. ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾಗುತ್ತ ಬಂದಂತೆ ಕ್ವಾರ್ಟರ್ಸ್ ಖಾಲಿಯಾದವು. ಮೊದಲು ಮ್ಯಾಚಿಂಗ್ ಬಟ್ಟೆಯ ಅಂಗಡಿ ಹೋಯಿತು, ಆಮೇಲೆ ಸೀರೆಗೆ ಫಾಲ್ ಹಚ್ಚುವವಳು. ಲೈನಿಂಗ್ ಬಟ್ಟೆಗೂ ನಾನು ಬಸ್ಸು ಹತ್ತಬೇಕಾಯಿತು. ಅತ್ತ ಅವಳ ಓಣಿಯಲ್ಲಿ ಐದಿದ್ದ ಅಂಗಡಿ ಒಂಬತ್ತಾದವು. ಎದುರಿಗೇ ಮ್ಯಾಚಿಂಗ್ ಸೆಂಟರ್, ಮಹಡಿಯ ಮೇಲೆ ಕಸೂತಿಯವರು. ಟೈಲರ್‌ಗಳು ಹೆಚ್ಚಿದಷ್ಟೂ ಗಿರಾಕಿಗಳು ಹೆಚ್ಚಿದರು! ಒಬ್ಬಳೇ ಇದ್ದರೆ ಗಿರಾಕಿಯೆಲ್ಲ ನನಗೇ ಎಂದುಕೊಂಡಿದ್ದ ನಾನು ಬೆಪ್ಪಾದೆ. ಹೊಟ್ಟೆ ಉರಿಯುತ್ತಿತ್ತು. ಅವಳ ಅಂಗಡಿಯಲ್ಲಿ ಕುಡಿದ ಕಾಫಿಯೂ ಕಹಿ.

ಅಷ್ಟರಲ್ಲಿ ಪಕ್ಕದ ಮನೆಯ ಹುಡುಗಿಯ ಮದುವೆ ಗೊತ್ತಾಯಿತು. ಲಂಗದ ಕಾಲದಿಂದ ಅವಳ ಬಟ್ಟೆಯೆಲ್ಲ ಹೊಲಿದವಳು ನಾನು. ಧಾರೆಯ ಬ್ಲೌಸೂ ನನಗೇ ಬರುತ್ತದೆಂದು ಕಾದೆ. ಅವಳ ತಾಯಿ ಕಾಂಪೌಂಡಿನ ಆಚೆಯಿಂದಲೇ ಹೇಳಿದಳು.

"ಬೇಜಾರ್ ಮಾಡ್ಕೋಬೇಡ ಮಾರಾಯ್ತಿ, ಶಿವಮೊಗ್ಗದಲ್ಲೇ ಕೊಟ್ವಿ. ಅಲ್ಲಾದ್ರೆ ಎಲ್ಲ ಒಂದೇ ಕಡೆ ಸಿಗುತ್ತೆ. ಹೊರಗಿನವ್ರಿಗೇನಲ್ಲ, ನಿನ್ನ ವಾರಗಿತ್ತಿಗೇ ಕೊಟ್ಟಿದ್ದು."

ಸಮಾಧಾನ ಹೇಳಿದಳಂತೆ! ಹಿತ್ತಲ ಗಿಡ ಮದ್ದಲ್ಲ ಎಂದು ಗೊಣಗುತ್ತ ಒಳಗೆ ಬಂದೆ.

ಮುಂದಿನ ವಾರ ವಾರಗಿತ್ತಿಯ ಫೋನ್. "ಅಕ್ಕಾ, ಕೆಲಸ ಮುಗೀತಾನೇ ಇಲ್ಲ. ಹುಕ್ಸು, ಹೆಮ್ಮಿಂಗು ನೀವು ಮಾಡಿಕೊಡ್ತೀರಾ? ಬಸ್ಸಲ್ಲಿ ಕಳಿಸ್ತೀನಿ."

ಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಆದರೆ ನನ್ನ ಮಿಷನ್ ಮೇಲೆ ಬೇರೆ ಬಟ್ಟೆಯೇ ಇರಲಿಲ್ಲ.

ಗಂಟು ಬಿಚ್ಚಿದರೆ ಮೇಲೇ ಕೆಂಪು ರೇಷ್ಮೆಯ ಬ್ಲೌಸ್, ಚೀಟಿಯಲ್ಲಿ ಪಕ್ಕದ ಮನೆಯ ಹುಡುಗಿಯ ಹೆಸರು. ಭುಜ ಎರಡೂ ಸಮವಾಗಿದ್ದವು. ಆ ಹುಡುಗಿಯ ಎಡ ಭುಜ ಅರ್ಧ ಇಂಚು ತಗ್ಗು. ಅದು ನನಗೊಬ್ಬಳಿಗೇ ಗೊತ್ತು. ಹಾಗೇ ಬಿಟ್ಟರೆ ಧಾರೆಯ ಹೊತ್ತಿಗೆ ಎಡಗಡೆ ಜಾರುತ್ತದೆ, ಹೆಸರು ಕೆಡುವುದು ವಾರಗಿತ್ತಿಯದು. ಕೆಡಲಿ ಎಂದು ಹುಕ್ಸು ಹಾಕಿ ಮಡಚಿಟ್ಟೆ.

ಬಸ್ಸಿಗೆ ಕೊಡಲು ಹೊರಟವಳು ಬಾಗಿಲಿಂದ ತಿರುಗಿ ಬಂದೆ. ಜಾರುವ ಬ್ಲೌಸ್ ಹಿಡಿದುಕೊಂಡು ಮಂಟಪದಲ್ಲಿ ನಿಲ್ಲಬೇಕಾದವಳು ಆ ಹುಡುಗಿ. ಎಲ್ಲರನ್ನೂ ಬೈಯುತ್ತಲೇ ಎಡ ತೋಳಿನ ಹೊಲಿಗೆ ಬಿಚ್ಚಿ, ಭುಜದಲ್ಲಿ ಅರ್ಧ ಇಂಚು ಹಿಡಿದು, ಮತ್ತೆ ಕೂಡಿಸಿದೆ. ಯಾರಿಗೂ ಹೇಳಲಿಲ್ಲ.

ಮದುವೆಯ ದಿನ ಹುಡುಗಿಯ ತಾಯಿ ನನ್ನ ಕೈ ಹಿಡಿದು ಮಂಟಪದ ಕಡೆ ತೋರಿಸಿದಳು. "ಭುಜದ ಹತ್ರ ಎಂಥ ಫಿಟ್ಟಿಂಗು ನೋಡೇ! ನೀನೂ ಒಂದ್ಸಲ ಆ ಓಣಿಗೆ ಹೋಗಿ ಕಲ್ಕೊಂಡು ಬಾ."

"ಹೋಗ್ತೀನಿ" ಎಂದೆ. ಅಷ್ಟು ವರ್ಷ ವಾರಗಿತ್ತಿಯ ಮೇಲಿದ್ದ ಹೊಟ್ಟೆಕಿಚ್ಚು ಆವತ್ತು ನನ್ನದೇ ಹೊಲಿಗೆಯ ಮೇಲೆ ಬಂತು.